ಟಿಪ್ಪು ಒಳ್ಳೆವ್ನಾ ಕೆಟ್ಟೋನಾ ಅಂತ ಕೇಳೋದ ಬುಡಿ

ಅವರೆಕಾಯಿ ಕಾಲ ಬಂತು ಅಂದ್ರೆ ನಮ್ಮ ಬೀದೀಲಿ ಸಾಯಂಕಾಲ ಯಾರೂ ಒಳಗೆ ಕೂರಾಕಿಲ್ಲ. ಮೊರ ತಗೊಂಡು ಜಗುಲಿಗೆ ಬಂದು, ಕಾಯಿ ಸುಲಿತಾ, ಹಿತುಕಬೇಳೆ ಹಿಚುಕ್ತಾ, ಊರಿನ ಸುದ್ದಿನೆಲ್ಲ ಅಲ್ಲೇ ಮುಗಿಸ್ತೀವಿ. ನಮ್ಮ ಪಕ್ಕದ್ಮನೆ ಬೂಬಮ್ಮನೂ ಅವರ ಮೊರ ಹಿಡ್ಕೊಂಡು ಬರ್ತಾರೆ. ನಾನು ಮದುವೆಯಾಗಿ ಮಳವಳ್ಳಿಗೆ ಬಂದು ಮೂವತ್ತೈದು ವರ್ಷ ಆಯ್ತು, ಅಷ್ಟೂ ವರ್ಷ ಇದು ತಪ್ಪಿಲ್ಲ. ಹೋದ ಸಲ ಮಾತ್ರ ನಾಲ್ಕು ದಿನ ಆದ್ರೂ ಅವರು ಬರ್ಲಿಲ್ಲ. ಮೈ ಹುಷಾರಿಲ್ವೇನೋ ಅಂತ ನಾನೇ ಹೋದೆ. ಚೆನ್ನಾಗೇ ಇದ್ರು. "ಕೆಲ್ಸ ಇತ್ತು ಅಕ್ಕ" ಅಂದ್ರು. ಮೊಕ ನೋಡಿ ಹೇಳ್ಲಿಲ್ಲ.

ರಾತ್ರಿ ಉಣ್ಣೋವಾಗ ಮೊಮ್ಮಗಳನ್ನ ಕೇಳ್ದೆ. ಅವಳೂ ಬೂಬಮ್ಮನ ಮೊಮ್ಮಗಳೂ ಎಂಟನೇ ಕ್ಲಾಸು, ಒಂದೇ ಬೆಂಚು. ಇಸ್ಕೂಲಲ್ಲಿ ಚರ್ಚಾಸ್ಪರ್ಧೆ ಇಟ್ಟಿದ್ರಂತೆ. ವಿಷಯ, 'ಟಿಪ್ಪು ವೀರನೋ ದ್ರೋಹಿಯೋ'. ಅರ್ಧ ಮಕ್ಕಳು ಆ ಕಡೆ, ಅರ್ಧ ಈ ಕಡೆ. ನಮ್ಮವಳು ದ್ರೋಹಿ ಅನ್ನೋ ಕಡೆ ಮಾತಾಡಿ, ಕೊನೇಲಿ ಗೆಳತಿ ಕಡೆ ತಿರುಗಿ, "ನಿಮ್ಮೋರು ನಮ್ಮೋರ್ನ ಕೊಂದ್ರು, ನಮ್ಮ ಗೌಡ್ರು ಅವನ್ನ ಕೊಂದ್ರು, ಲೆಕ್ಕ ಸಮ ಆಯ್ತು" ಅಂದ್ಬಿಟ್ಟವ್ಳೆ. ಎಲ್ಲಾರೂ ಚಪ್ಪಾಳೆ ತಟ್ಟಿದ್ರಂತೆ. ಇವಳಿಗೇ ಬಹುಮಾನ. ಒಂದು ಸ್ಟೀಲ್ ಡಬ್ಬಿ.

ನಂಗೆ ತುತ್ತು ಗಂಟಲಲ್ಲೇ ನಿಂತ್ಕೊಂತು. "ಯಾರಮ್ಮಿ ನಿಂಗೆ ಹಂಗನ್ನಾಕೆ ಹೇಳ್ಕೊಟ್ಟೋರು?" ಅಂದೆ. ಅವಳು ತಟ್ಟೆಯಿಂದ ತಲೆ ಎತ್ತದೇನೆ, "ನೀನೇ ಅಲ್ವಾ ಅಜ್ಜಿ, ಮೊಬೈಲ್‌ನಲ್ಲಿ ಕೇಳ್ಕೊಂಡು 'ಸರಿಯಾಗೇ ಹೇಳವ್ನೆ' ಅಂತ ನಕ್ಕಿದ್ದು" ಅಂದ್ಲು.

ಅದು ಸುಳ್ಳಲ್ಲ. 2023ರಲ್ಲಿ ನಮ್ಮ ಜಿಲ್ಲೇಲಿ ಉರಿಗೌಡ, ನಂಜೇಗೌಡ ಅನ್ನೋ ಎರಡು ಹೆಸರು ಎದ್ದಿದ್ದು ನಿಮಗೆಲ್ಲ ನೆನಪೈತೆ. ಟಿಪ್ಪುನ್ನ ಬ್ರಿಟಿಷರು ಕೊಂದಿದ್ದಲ್ಲ, ಈ ಇಬ್ಬರು ಒಕ್ಕಲಿಗರು ಕೊಂದಿದ್ದು ಅನ್ನೋ ಮಾತು. ಮಾರ್ಚ್ 12ಕ್ಕೆ ಪ್ರಧಾನಿಗಳು ದಶಪಥ ರಸ್ತೆ ಉದ್ಘಾಟನೆಗೆ ಬಂದಾಗ ಮಂಡ್ಯದಲ್ಲಿ ಆ ಹೆಸರಿನ ಕಮಾನು ಎದ್ದು, ಗಲಾಟೆಯಾಗಿ, ಹೆಸರು ಬದಲಾಯ್ತು. ಸಿನಿಮಾ ಮಾಡ್ತೀವಿ ಅಂದ್ರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮಿಗಳು, ಮೊದ್ಲು ದಾಖಲೆ ಆಗ್ಲಿ, ಗೊಂದಲ ಮಾಡಬ್ಯಾಡಿ ಅಂದ ಮೇಲೆ ಸಿನಿಮಾನೂ ನಿಂತೋಯ್ತು. ಆದ್ರೆ ಫೋನಿಗೆ ಬಂದಿದ್ದು ನಿಲ್ಲಲಿಲ್ಲ. ನಾನೂ ಗೌಡ್ರ ಮನೆ ಹೆಣ್ಣು. 'ನಮ್ಮೋರು' ಅಂದ ತಕ್ಷಣ ಒಳಗೆ ಒಂಥರಾ ಖುಷಿ ಆಗಿದ್ದು ನಿಜ. ದಾಖಲೆ ಐತಾ ಅಂತ ನಾನೂ ಕೇಳ್ಲಿಲ್ಲ. ಕೊಂದೋ ಅಂತ ಹೆಮ್ಮೆ ಪಡೋದು ಎಂಥಾ ಹೆಮ್ಮೆ ಅಂತ್ಲೂ ಯೋಚ್ನೆ ಮಾಡ್ಲಿಲ್ಲ.

ಅದಕ್ಕೇ ಇವತ್ತು ಇದನ್ನ ಬರಿತಾ ಇದೀನಿ. ನಾನು ಓದಿರೋದು ಪಿಯುಸಿ. ಇತಿಹಾಸ ನನ್ನ ವಿಷಯ ಆಗಿತ್ತು, ಅಷ್ಟೆ. ಆ ಗಲಾಟೆ ಆದ್ಮೇಲೆ ಮಗನ ಕೈಲಿ ಲೈಬ್ರರಿಯಿಂದ ಪುಸ್ತಕ ತರಿಸ್ಕೊಂಡು, ಹುಳಕ್ಕೆ ಸೊಪ್ಪು ಹಾಕಿ ಬಂದ ಮೇಲೆ ಒಂದೊಂದು ಗಂಟೆ ಓದ್ದೆ. ಓದ್ತಾ ಓದ್ತಾ ಅನ್ನಿಸಿದ್ದು, ಮಕ್ಕಳಿಗೆ ಕೇಳಿದ ಪ್ರಶ್ನೆನೇ ಸರಿ ಇರ್ಲಿಲ್ಲ ಅಂತ.

ನೋಡಿ, ನಮ್ಮ ಮನೇಲಿ ರೇಷ್ಮೆ ಹುಳ ಸಾಕ್ತೀವಿ. ಮಗಳ ಮದುವೆ ಆಗಿದ್ದು ಚಂದ್ರಂಕಿ ಮೇಲಿನ ಗೂಡಿನ ದುಡ್ಡಲ್ಲಿ. ಬಂಗಾಳದಿಂದ ಹುಳ ತರಿಸಿ ಮೈಸೂರು ಸೀಮೇಲಿ ಈ ಕಸುಬು ಬೆಳೆಸಿದೋನು ಟಿಪ್ಪು. ಹಂಗಂತ ಅವನು ಮಾಡಿದ್ದೆಲ್ಲ ಸರಿ ಅನ್ನೋಕಾಗ್ತದಾ? 1784ರಲ್ಲಿ ಮಂಗಳೂರು ಕಡೆ ಕ್ರಿಶ್ಚಿಯನ್ನರು ಬ್ರಿಟಿಷರ ಕಡೆ ಅವ್ರೆ ಅಂತ, ಮನೆಮಂದಿ ಸಮೇತ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸ್ಕೊಂಡು ಬಂದ್ರು. ಕೊಡಗಿನೋರನ್ನೂ ಹಂಗೇ ತಂದ್ರು. ದಾರೀಲೇ ಎಷ್ಟೋ ಜನ ಸತ್ರು. ಬಸುರಿ ಬಾಣಂತಿಯರು ಆ ಘಟ್ಟ ಹೆಂಗೆ ಹತ್ತಿರಬೋದು ಅಂತ ಯೋಚ್ನೆ ಮಾಡಿ. ಇಲ್ಲೇ ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಮನೆಗಳಲ್ಲಿ ಇವತ್ತಿಗೂ ನರಕ ಚತುರ್ದಶಿ ದಿವಸ ಹಬ್ಬ ಮಾಡಾಕಿಲ್ಲ. ಆವತ್ತು ನಮ್ಮೋರನ್ನ ಟಿಪ್ಪು ಕೊಲ್ಲಿಸ್ದ ಅಂತ ತಲೆಮಾರಿಂದ ಹೇಳ್ಕೊಂಡು ಬಂದವ್ರೆ. ಎಷ್ಟು ಜನ, ಯಾವ ವರ್ಷ ಅಂತ ಓದಿದೋರು ಜಗಳಾಡ್ತಾರೆ. ಆದ್ರೆ ಊರೆಲ್ಲ ದೀಪ ಹಚ್ಚೋ ದಿನ ಒಂದು ಮನೆಯೋರು ಕತ್ಲೆ ಇಟ್ಕೊಂಡವ್ರೆ ಅಂದ್ರೆ, ಅವರ ಸಂಕಟ ಕೇಳಿಸ್ಕೊಳ್ದೆ ಮುಂದಕ್ಕೋಗೋಕಾಗಕಿಲ್ಲ.

ಅದೇ ಮೇಲುಕೋಟೆಗೆ ಇನ್ನೊಂದು ಕತೆ ಐತೆ. 1771ರಲ್ಲಿ ಚಿನಕುರಳಿ ತಾವ ಮರಾಠರು ಹೈದರಾಲಿಯನ್ನ ಸೋಲಿಸಿದ್ರು. ಆಮೇಲೆ ಮೇಲುಕೋಟೆಗೆ ನುಗ್ಗಿ ಲೂಟಿ ಮಾಡಿದ್ರು. ದೇವರ ತೇರಿಗೇ ಬೆಂಕಿ ಇಟ್ರು. ಯಾಕೆ ಗೊತ್ತಾ? ತೇರಲ್ಲಿದ್ದ ಕಬ್ಬಿಣ ಬೇಕಾಗಿತ್ತು. ಚೆಲುವನಾರಾಯಣನ ತೇರು ಸುಟ್ಟೋರು ಚೆಲುವನಾರಾಯಣನಿಗೆ ಕೈ ಮುಗಿಯೋ ಜನಾನೇ. 1791ರಲ್ಲಿ ಮರಾಠರ ದಂಡಿನ ಕುದುರೆಯೋರು ಶೃಂಗೇರಿ ಮಠಾನೂ ಲೂಟಿ ಮಾಡಿದ್ರು. ಆಗ ಅಲ್ಲಿನ ಸ್ವಾಮಿಗಳಿಗೆ ಕಾಗದ ಬರೆದು, ಶಾರದೆಯನ್ನ ಮತ್ತೆ ಪ್ರತಿಷ್ಠೆ ಮಾಡ್ಸಾಕೆ ದುಡ್ಡು ದವಸ ಕಳ್ಸಿದೋನು ಇದೇ ಟಿಪ್ಪು. ಆ ಕಾಗದಗಳು 1916ರಲ್ಲಿ ಮಠದಲ್ಲೇ ಸಿಕ್ಕವೆ.

ಇದನ್ನೆಲ್ಲ ಓದ್ದಾಗ ನಂಗೆ ತಲೆ ಕೆಟ್ಟೋಯ್ತು ಅನ್ನೋದು ನಿಜ. ಒಂದು ಕಡೆ ನಿಂತ್ಕೊಳಾಕೇ ಆಗ್ತಿಲ್ವಲ್ಲ ಅಂತ. ಆಮೇಲೆ ನಮ್ಮತ್ತೆ ನೆನಪಾದ್ರು. ನಿಮಗೂ ಗೊತ್ತು ಅವರು ನನ್ನ ಹೆಂಗೆ ಗೋಳು ಹುಯ್ಕೊಂಡ್ರು ಅಂತ. ಬಾಣಂತನದಲ್ಲಿ ಎಂಟನೇ ದಿನಕ್ಕೆ ಕೊಟ್ಟಿಗೆ ಕಸ ಬಾಚ್ಸಿದ ಮಹಾತಾಯಿ. ಅದೇ ಅತ್ತೆ ಬರಗಾಲದ ವರ್ಷ ಹೊಲಗೇರಿಯ ಮಕ್ಕಳಿಗೆ ದಿನಾ ಒಂದು ಹೊತ್ತು ಅಂಬಲಿ ಕಾಯಿಸಿ ಹುಯ್ದೋರು. ಅವರು ತೀರ್ಕೊಂಡಾಗ ಆ ಮಕ್ಕಳು ದೊಡ್ಡೋರಾಗಿ ಬಂದು ಅತ್ರು, ನಾನೂ ಅತ್ತೆ. ನನ್ನ ಅಳು ಬ್ಯಾರೆ, ಅವರ ಅಳು ಬ್ಯಾರೆ. ಎರಡೂ ಸುಳ್ಳಲ್ಲ. ಅಂಬಲಿ ಹುಯ್ದ್ರು ಅಂತ ನನ್ನ ಕಣ್ಣೀರು ವಜಾ ಆಗಕಿಲ್ಲ. ನನ್ನ ಅಳಿಸಿದ್ರು ಅಂತ ಆ ಅಂಬಲಿನೂ ವಿಷ ಆಗಕಿಲ್ಲ. ಸಂಸಾರ ಮಾಡ್ದೋರಿಗೆಲ್ಲ ಇದು ಗೊತ್ತಿರೋ ವಿಷಯ. ಮನೆ ಬಾಗ್ಲು ದಾಟಿ ರಾಜರ ಸುದ್ದಿಗೆ ಹೋದ್ರೆ ಮಾತ್ರ ಯಾಕೋ ಮರ್ತೋಗ್ತೀವಿ.

ಇನ್ನೊಂದು ಮಾತು. ರಾಜನ್ನ ಒಳ್ಳೇವ್ನು ಕೆಟ್ಟೋನು ಅಂತ ತೂಗ್ತಾ ಕೂತ್ರೆ, ಯುದ್ಧದಲ್ಲಿ ನಮ್ಮಂಥೋರಿಗೆ ಏನಾಯ್ತು ಅನ್ನೋದು ಲೆಕ್ಕಕ್ಕೇ ಬರಾಕಿಲ್ಲ. ನಮ್ಮ ಮಳವಳ್ಳಿ ತಾವ್ಲೇ 1799ರ ಮಾರ್ಚ್ 27ಕ್ಕೆ ಟಿಪ್ಪು ದಂಡಿಗೂ ಬ್ರಿಟಿಷರ ಜನರಲ್ ಹ್ಯಾರಿಸ್ ದಂಡಿಗೂ ಕಾಳಗ ಆಯ್ತು. ನಾವು ದಿನಾ ಓಡಾಡೋ ಊರು! ನನ್ನ ಮಕ್ಕಳಿಗೆ ಇದನ್ನ ಯಾವ ಇಸ್ಕೂಲಲ್ಲೂ ಹೇಳ್ಲಿಲ್ಲ. ಆ ಬ್ರಿಟಿಷರ ದಂಡಿನ ಜೊತೆ ಸಾಮಾನು ಹೊರಾಕೆ ಅಂತ್ಲೇ ಲಕ್ಷದ ಮೇಲೆ ಎತ್ತುಗಳಿದ್ವಂತೆ. ನಮ್ಮನೇಲಿ ಒಂದು ಜೊತೆ ಎತ್ತು ಇದ್ದಾಗ ಬ್ಯಾಸ್ಗೇಲಿ ಹುಲ್ಲು ಹೊಂಚೋದು ಎಷ್ಟು ಕಷ್ಟ ಇತ್ತು ಅಂತ ನಂಗೊತ್ತು. ಯುಗಾದಿ ಮುಂದಿನ ಬಿಸ್ಲು, ಕೆರೆ ತಳ ಕಂಡಿರೋ ಕಾಲ, ಲಕ್ಷ ಎತ್ತು ಊರ ಮೇಲೆ ಹಾದೋದ್ರೆ ಮೆದೇಲಿ ಒಂದು ಎಳೆ ಹುಲ್ಲು ಉಳಿತದಾ? ಕೆರೇಲಿ ನೀರು ಉಳಿತದಾ?

ಬ್ರಿಟಿಷರಿಗೆ ಸಿಗಬಾರದು ಅಂತ ಟಿಪ್ಪು ಕಡೆಯೋರೇ ದಾರೀಲಿದ್ದ ಮೇವು ಸುಡ್ತಿದ್ರು. ಕನಕಪುರವನ್ನ ಇದೇ ಕಾರಣಕ್ಕೆ ಎರಡು ಸಲ ಹಾಳು ಮಾಡಿದ್ರು. ನನ್ನ ತವರು ಮದ್ದೂರಿನ ಕೋಟೆಯನ್ನ ಹೈದರಾಲಿ ಮತ್ತೆ ಕಟ್ಟಿಸಿದ್ದ, 1791ರಲ್ಲಿ ಕಾರ್ನವಾಲಿಸ್ ಬಂದು ಕೆಡವಿಸ್ದ. ಆ ಯುದ್ಧಗಳಲ್ಲಿ ಮದ್ದೂರು ಸೊರಗೋಯ್ತು. ಮದ್ದೂರು ಅಂದ್ರೆ ವಡೆ ಅಂತ ಮಾತ್ರ ತಿಳ್ಕೊಂಡಿದ್ದ ನಂಗೆ ಇದನ್ನ ಓದಿ ನಾಚ್ಕೆ ಆಯ್ತು. ನಮ್ಮ ರಾಜ ಬೆಂಕಿ ಇಟ್ಟ, ಪರದೇಶದೋರು ಕೆಡವಿದ್ರು, ಪಕ್ಕದ ರಾಜ್ಯದೋರು ಲೂಟಿ ಮಾಡಿದ್ರು. ರಾಗಿ ಕಣಜ ಕಳ್ಕೊಂಡ ಹೆಂಗ್ಸಿಗೆ ಮೂವರಲ್ಲಿ ಯಾರು ವೀರ?

ಬ್ರಿಟಿಷರೇನು ಕಮ್ಮಿ ಇಲ್ಲ. 1792ರಲ್ಲಿ ಸೋತ ಟಿಪ್ಪು ಅರ್ಧ ರಾಜ್ಯ ಬುಟ್ಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಕಟ್ಟಬೇಕಾಯ್ತು. ಅದು ತೀರೋತಂಕ ಅವನ ಇಬ್ಬರು ಚಿಕ್ಕ ಗಂಡು ಮಕ್ಕಳನ್ನ ಅಡ ಇಟ್ಕೊಂಡು ಮದ್ರಾಸಿಗೆ ಕರ್ಕೊಂಡೋದ್ರು. ನಾವು ಒಡವೆ ಅಡ ಇಡ್ತೀವಲ್ಲ, ಹಂಗೆ ಮಕ್ಕಳನ್ನ. ವಾಪಸು ಬಂದಿದ್ದು 1794ಕ್ಕೆ. 1799ರ ಮೇ 4ನೇ ತಾರೀಕು ಕೋಟೆ ಬಿತ್ತು. ಟಿಪ್ಪು ಓಡೋಗ್ದೆ ಕೋಟೆ ಬಾಗ್ಲಲ್ಲಿ ಹೋರಾಡಿ ಸತ್ತ, ಹೆಣಗಳ ರಾಶಿ ಒಳಗಿಂದ ರಾತ್ರಿ ಅವನ ಹೆಣ ಎತ್ತಿದ್ರು. ಅದು ಪುಸ್ತಕದಲ್ಲಿ ಐತೆ. ಅದೇ ರಾತ್ರಿ ಗೆದ್ದ ಸಿಪಾಯಿಗಳು ಶ್ರೀರಂಗಪಟ್ಟಣದ ಮನೆಮನೆಗೂ ನುಗ್ಗಿ ಲೂಟಿ ಮಾಡಿದ್ದು ನಮ್ಮ ಪಾಠದಲ್ಲಿ ಇರ್ಲಿಲ್ಲ. ಲೂಟಿ ಆಗ್ದೆ ಉಳಿದ ಮನೆ ಸಿಗೋದೇ ಕಷ್ಟ ಅಂತ ಅವರ ಕಡೆಯ ಆರ್ಥರ್ ವೆಲ್ಲೆಸ್ಲಿನೇ ಬರ್ಕೊಂಡವ್ನೆ. ಮಾರನೇ ದಿನ ಅವನು ತನ್ನ ಸಿಪಾಯಿಗಳಲ್ಲೇ ಕೆಲವರನ್ನ ಗಲ್ಲಿಗೆ ಹಾಕಿ ಅದನ್ನ ನಿಲ್ಲಿಸಿದ. ಆ ಮನೆಗಳಲ್ಲಿ ಹಿಂದೂ, ಮುಸ್ಲಿಂ ಅಂತ ನೋಡಿ ಬಾಗ್ಲು ಒಡೆದಿರ್ತಾರಾ?

ನನ್ನ ತಂಗಿ ಮಗಳು ಅಮೆರಿಕದಲ್ಲಿ ಅವ್ಳೆ. ಇದನ್ನೆಲ್ಲ ಫೋನಲ್ಲಿ ಹೇಳ್ದಾಗ ಅವಳೊಂದು ಸುದ್ದಿ ಹೇಳಿದ್ಲು. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಜಪಾನಿನ ಮೂಲದೋರು ಅನ್ನೋ ಒಂದೇ ಕಾರಣಕ್ಕೆ ಅಮೆರಿಕ ತನ್ನ ದೇಶದಲ್ಲಿದ್ದ ಒಂದು ಲಕ್ಷಕ್ಕೂ ಮೇಲೆ ಜನರನ್ನ ಮನೆ ಅಂಗಡಿ ಬುಡಿಸಿ ಕ್ಯಾಂಪಿಗೆ ಹಾಕ್ತಂತೆ. ಅವರಲ್ಲಿ ಜಾಸ್ತಿ ಜನ ಅಲ್ಲೇ ಹುಟ್ಟಿದೋರು. 1988ರಲ್ಲಿ ಸರ್ಕಾರನೇ ತಪ್ಪಾಯ್ತು ಅಂತ ಒಪ್ಕೊಂಡು, ಬದುಕಿದ್ದೋರಿಗೆ ತಲಾ ಇಪ್ಪತ್ತು ಸಾವಿರ ಡಾಲರ್ ಕೊಡ್ತು. ಅವಳ ಮಗನಿಗೆ ಇದು ಇಸ್ಕೂಲಲ್ಲೇ ಪಾಠ. ಹಿಟ್ಲರನ ವಿರುದ್ಧ ಯುದ್ಧ ಮಾಡಿ ಗೆದ್ದ ದೇಶ, ತನ್ನ ಮನೆಯೊಳಗಿನ ತಪ್ಪನ್ನೂ ಮಕ್ಕಳಿಗೆ ಹೇಳ್ಕೊಡ್ತದೆ. ನಮ್ಮಲ್ಲೂ 1962ರ ಚೀನಾ ಯುದ್ಧದಲ್ಲಿ ಚೀನೀ ಮೂಲದ ಭಾರತೀಯರನ್ನ, ಸುಮಾರು ಮೂರು ಸಾವಿರ ಜನಾನ, ರಾಜಸ್ಥಾನದ ದೇವಲಿ ಕ್ಯಾಂಪಿಗೆ ಹಾಕಿದ್ರು. ನಾನು ಪಿಯುಸಿ ತಂಕ ಇತಿಹಾಸ ಓದ್ದೋಳು, ಒಂದು ಸಾಲೂ ಓದಿರ್ಲಿಲ್ಲ. 'ನಿಮ್ಮೋರು' ಅನ್ನೋ ಒಂದು ಮಾತು ಎಲ್ಲೀತಂಕ ಹೋಗ್ತದೆ ನೋಡಿ.

ನನ್ನ ನಾದಿನಿ ಹೈಸ್ಕೂಲ್ ಟೀಚರು. ಅವಳಿಗೆ ನನ್ನ ಮಾತು ಪೂರ್ತಿ ಒಪ್ಪಿಗೆ ಆಗ್ಲಿಲ್ಲ. "ಅತ್ತಿಗೆ, ನೀವು ಜಗುಲೀಲಿ ಕೂತು ಹೇಳ್ತೀರಿ. ನಂಗಿರೋದು ನಲವತ್ತು ನಿಮಿಷದ ಪಿರಿಯಡ್ಡು, ಅರವತ್ತು ಮಕ್ಕಳು. ಸರ್ಕಾರ ಬದಲಾದಂಗೆಲ್ಲ ಪಾಠ ಬದಲಾಗ್ತದೆ. ಒಂದು ವರ್ಷ ತೆಗಿತೀವಿ ಅಂತಾರೆ, ಇನ್ನೊಂದು ವರ್ಷ ಸೇರಿಸ್ತೀವಿ ಅಂತಾರೆ. ಮಕ್ಕಳಿಗೆ ಎರಡೂ ಕಡೆ ಹೇಳಕ್ಕೋದ್ರೆ ಯಾರೋ ಒಬ್ರು ಅರ್ಧ ಮಾತು ರೆಕಾರ್ಡ್ ಮಾಡಿ ಹಾಕ್ತಾರೆ. ಆಮೇಲೆ ನನ್ನ ಕೆಲ್ಸ ಹೋದ್ರೆ ಯಾರು ಬತ್ತೀರಿ?" ಅಂದ್ಲು. ಎಳೆ ಮಕ್ಕಳಿಗೆ ಇಷ್ಟೊಂದು ಹೇಳಿದ್ರೆ ಗೊಂದಲ ಆಗ್ತದೆ ಅಂತ್ಲೂ ಅಂದ್ಲು.

ಅವಳ ಭಯ ಸುಳ್ಳಲ್ಲ. ಅದಕ್ಕೆ ಉತ್ತರ ಮೇಷ್ಟ್ರ ಕೈಲಿಲ್ಲ, ನಮ್ಮ ಕೈಲೈತೆ. ಟೀಚರು ಎರಡೂ ಕಡೆ ಹೇಳಿದ್ರು ಅಂತ ನಾವೇ ಇಸ್ಕೂಲ್ ಬಾಗ್ಲಿಗೆ ಹೋಗಿ ಜಗಳ ತೆಗೆದ್ರೆ, ನಾಳೆಯಿಂದ ಅವರು ಪುಸ್ತಕ ಓದಿ ಪ್ರಶ್ನೋತ್ತರ ಬರೆಸಿ ಎದ್ದೋಗ್ತಾರೆ. ಯಾರಾದ್ರೂ ಜಗಳಕ್ಕೆ ಹೊರಟ್ರೆ, ಪೂರ್ತಿ ಏನು ಹೇಳಿದ್ರು ಅಂತ ಕೇಳ್ಕೊಂಡು ಹೋಗ್ರವ್ವ ಅಂತ ನಾವು ಹೇಳ್ಬೇಕು. ಗೊಂದಲದ ಮಾತಿಗೆ ನಂದೊಂದೇ ಉತ್ತರ. ಅಜ್ಜಿ ತಾತನ ಜಗಳ ನೋಡಿ ಇಬ್ಬರನ್ನೂ ಪ್ರೀತಿ ಮಾಡೋಕೆ ಮೂರು ವರ್ಷದ ಕೂಸಿಗೇ ಬತ್ತದೆ. ಮಕ್ಕಳಿಗೆ ಗೊಂದಲ ಆಗಕಿಲ್ಲ, ದೊಡ್ಡೋರಿಗೆ ಆಯ್ತದೆ.

ಚರ್ಚಾಸ್ಪರ್ಧೆ ಬ್ಯಾಡ ಅಂತ ನಾನು ಹೇಳ್ತಿಲ್ಲ. ಪ್ರಶ್ನೆ ಬದಲಾಯಿಸಿ ಅಂತೀನಿ. 'ವೀರನೋ ದ್ರೋಹಿಯೋ' ಅಂದ್ರೆ ಮಕ್ಕಳು ಎರಡು ಪಾರ್ಟಿ ಆಗ್ತವೆ. ಯಾವ ಪಾರ್ಟಿಗೆ ಯಾವ ಮಕ್ಕಳನ್ನ ಹಾಕ್ತಾರೆ ಅನ್ನೋದೂ ನಿಮಗೊತ್ತು. ಅದರ ಬದ್ಲು, ಮಳವಳ್ಳಿ ಕಾಳಗ ಆದ ವಾರ ನಿಮ್ಮನೇಲಿ ಏನು ಉಣ್ತಿದ್ರಿ, ಬರ್ಕೊಂಡು ಬನ್ನಿ ಅನ್ನಲಿ. ಇದನ್ನ ಬರೆದೋರು ಯಾರು, ಗೆದ್ದೋರಾ ಸೋತೋರಾ, ಬರೆಯಕ್ಕೆ ಬರದೇ ಇದ್ದೋರು ಏನು ಹೇಳ್ತಿದ್ರು ಅಂತ ಕೇಳ್ಲಿ. ಶೃಂಗೇರಿ ಕಾಗದಾನೂ ಮಂಗಳೂರಿನೋರ ಸೆರೇನೂ ಒಂದೇ ದಿನ ಪಾಠ ಮಾಡ್ಲಿ. ಒಂದನ್ನ ಹೇಳಿ ಇನ್ನೊಂದನ್ನ ಮುಚ್ಚಿದ್ರೆ, ಮುಚ್ಚಿದ್ದು ನಾಳೆ ಮೊಬೈಲಲ್ಲಿ ಬತ್ತದೆ, ಮೆಣಸಿನಪುಡಿ ಹಾಕ್ಕೊಂಡು ಬತ್ತದೆ. ಎಲ್ಲಕ್ಕಿಂತ ಮುಖ್ಯ, ಇನ್ನೂರು ಚಿಲ್ಲರೆ ವರ್ಷದ ಹಿಂದೆ ರಾಜ ಮಾಡಿದ್ದಕ್ಕೆ ಈ ಬೆಂಚಲ್ಲಿ ಕೂತ ಯಾವ ಮಗೂನೂ ಜವಾಬು ಕೊಡಬೇಕಾಗಿಲ್ಲ ಅಂತ ಪಾಠಕ್ಕೆ ಮುಂಚೇನೇ ಹೇಳ್ಬೇಕು.

ಇಸ್ಕೂಲಿಗೆ ಹೇಳಾಕೆ ಮುಂಚೆ ನಾನು ಮಾಡೋದು ಒಂದಿತ್ತು. ಮೊಮ್ಮಗಳನ್ನ ಕರ್ಕೊಂಡು ಬೂಬಮ್ಮನ ಮನೆಗೋದೆ. "ಕೂಸು ಅಂದಿದ್ದು ನನ್ನ ಬಾಯಿ ಮಾತು, ತಪ್ಪು ನಂದೇ" ಅಂದೆ. ಬೂಬಮ್ಮ ಸುಮಾರು ಹೊತ್ತು ಸುಮ್ಕಿದ್ರು. ಆಮೇಲೆ, "ಅಕ್ಕ, ಟಿಪ್ಪುನ್ನ ಏನಾದ್ರೂ ಅಂದ್ಕೊಳ್ಳಿ. ಅವರು ಸುಲ್ತಾನ್ರು, ಗುಂಬಜ್‌ನಲ್ಲಿ ಮಲಗವ್ರೆ. ನಮ್ಮನೆಯೋರು ಆವಾಗ್ಲೂ ಬಳೆ ಮಾರ್ತಿದ್ರು, ಈವಾಗ್ಲೂ ಬಳೆ ಮಾರ್ತೀವಿ. ಚಪ್ಪಾಳೆ ಹೊಡಿವಾಗ ನನ್ನ ಮಗು ತಲೆ ಬಗ್ಗಿಸ್ಕೊಂಡು ಕೂತಿತ್ತಂತೆ, ಅದೇ ನಂಗೆ ಸಂಕಟ" ಅಂದ್ರು. ನನ್ನ ಮೊಮ್ಮಗಳು ಅಳೋಕೆ ಶುರು ಮಾಡಿದ್ಲು. ಆ ಹುಡುಗಿ ಒಳಗಿಂದ ಬರ್ಲಿಲ್ಲ.

ಈಗ ಬೂಬಮ್ಮ ಮತ್ತೆ ಜಗುಲಿಗೆ ಬತ್ತಾರೆ. ಹುಡುಗೀರು ಒಟ್ಟಿಗೆ ನಡ್ಕೊಂಡು ಹೋಯ್ತಾರೆ, ಆದ್ರೆ ಬೆಂಚು ಇನ್ನೂ ಬ್ಯಾರೆ ಬ್ಯಾರೇನೇ. ಸ್ಟೀಲ್ ಡಬ್ಬೀನ ನನ್ನ ಮೊಮ್ಮಗಳು ಊಟಕ್ಕೆ ತಗೊಂಡೋಗಾಕಿಲ್ಲ ಅಂತಾಳೆ. ಸಾಸಿವೆ ಹಾಕಿಟ್ಟಿದೀನಿ.

ಬ್ಯಾಸ್ಗೆ ರಜಕ್ಕೆ ಇಬ್ಬರನ್ನೂ ಶ್ರೀರಂಗಪಟ್ಟಣಕ್ಕೆ ಕರ್ಕೊಂಡೋಗ್ಬೇಕು ಅಂತ ಮಾಡೀವ್ನಿ. ಬೂಬಮ್ಮನೂ ಬತ್ತೀನಿ ಅಂದವ್ರೆ. ರಂಗನಾಥನ ಗುಡಿ, ಜಾಮಿಯಾ ಮಸೀದಿ, ಬ್ರಿಟಿಷ್ ಖೈದಿಗಳನ್ನ ಸರಪಳಿ ಹಾಕಿ ಇಟ್ಟಿದ್ದ ನೆಲಮಾಳಿಗೆ, ಟಿಪ್ಪು ಹೆಣ ಸಿಕ್ಕಿದ ಜಾಗ, ಎಲ್ಲ ಒಂದೇ ಕೋಟೆ ಒಳಗೆ ಐತೆ. ಒಂದೇ ದಿನದಲ್ಲಿ ಎಲ್ಲಾನೂ ನೋಡಿಸ್ಬೋದು. ಪುಳಿಯೋಗರೆ ನಂದು, ಮೊಟ್ಟೆ ಬೂಬಮ್ಮಂದು. ಟೆಂಪೋದಲ್ಲಿ ಇನ್ನೂ ನಾಕೈದು ಜನಕ್ಕೆ ಜಾಗ ಐತೆ. ಮಕ್ಕಳನ್ನ ಕಳ್ಸೋರು ಯುಗಾದಿ ಒಳಗೆ ಹೇಳಿ.